ಹಾಡುವವರೂ ವೀಣೆ, ಕೊಳಲು ಕೇಳಲಿ

ಮಾನ್ಯರೇ,

ಹಾಡು ಕಲಿಯುವ ಮಕ್ಕಳಿಗೆ ನಾವು ಕೇಳಿಸುವುದೆಲ್ಲ ಹಾಡುಗಾರಿಕೆಯೇ. ವಾದ್ಯ ಸಂಗೀತವನ್ನು ವಾದ್ಯ ಕಲಿಯುವವರಿಗೆ ಬಿಟ್ಟುಬಿಟ್ಟಿದ್ದೇವೆ. ಇದರಿಂದ ನಷ್ಟ ಹಾಡುವವರಿಗೇ ಜಾಸ್ತಿ.

ಹಾಡು ಕೇಳುವಾಗ ಕಿವಿ ಸಾಹಿತ್ಯದ ಹಿಂದೆ ಹೋಗುತ್ತದೆ, ಇಲ್ಲವೇ ಕಂಠದ ಇಂಪಿಗೆ ಸೋಲುತ್ತದೆ. ಅನುಕರಿಸಲು ಹೋದರೆ ಆ ಗಾಯಕರ ಮೂಗುದನಿಯೂ ಅಂಟಿಕೊಳ್ಳುತ್ತದೆ! ವೀಣೆಯಲ್ಲಿ ಈ ಕಾಟವಿಲ್ಲ. ತೋಡಿ ರಾಗದ ಗಾಂಧಾರ (ಗ) ಸ್ವರವನ್ನೇ ನೋಡಿ. ಅದನ್ನು ಅಲುಗಿಸದೆ ಹಿಡಿದರೆ ತೋಡಿ ಅನ್ನಿಸುವುದೇ ಇಲ್ಲ. ವೈಣಿಕರು ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಬಿಡುವಾಗ ಸ್ವರ ಎಲ್ಲಿಂದ ಹೊರಟು ಎಲ್ಲಿಯವರೆಗೆ ಹೋಗಿಬಂತು ಎಂಬುದು ಕಣ್ಣಿಗೂ ಕಾಣುತ್ತದೆ. ಗಂಟಲೊಳಗಿನ ಗಮಕ, ಅಂದರೆ ಸ್ವರದ ಈ ಓಲಾಟ, ಹೀಗೆ ಕಾಣುವುದಿಲ್ಲ.

ಕೊಳಲಿಗೂ ಉಸಿರೇ ಬಂಡವಾಳ, ಅಲ್ವಾ? ತಾಳವಿಲ್ಲದೆ ರಾಗವನ್ನು ವಿಸ್ತರಿಸುವ ಆಲಾಪನೆಯಲ್ಲಿ ಉಸಿರು ಎಲ್ಲಿ ತೆಗೆದರು ಎಂದು ಗಮನಿಸಿದರೂ ಸಾಕಷ್ಟು ಕಲಿಯಬಹುದು.

ಇದೇನೂ ಹೊಸ ಮಾತಲ್ಲ. ಕರ್ನಾಟಕ ಸಂಗೀತದ ಗಾಯಕ ಜಿ.ಎನ್. ಬಾಲಸುಬ್ರಹ್ಮಣ್ಯಂ (1910–1965) ಅವರ ಮಿಂಚಿನಂಥ ಬಿರ್ಕಾಗಳಲ್ಲಿ (ವೇಗದ ಸ್ವರಗುಚ್ಛಗಳಲ್ಲಿ) ನಾಗಸ್ವರದ ಛಾಯೆ ಇದೆಯೆಂದು ಸಂಗೀತ ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಅತ್ತ ಹಿಂದೂಸ್ತಾನಿ ಸಂಗೀತದ ವಿಲಾಯತ್ ಖಾನ್ ಸಿತಾರಿನಲ್ಲಿ ಗಾಯಕಿ ಶೈಲಿಯನ್ನು, ಅಂದರೆ ಹಾಡುವ ರೀತಿಯನ್ನೇ, ನುಡಿಸಿದರು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇದೆ.

ಆದರೆ ಸುಮ್ನೆ ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡಿದರೆ ಪ್ರಯೋಜನ ಕಡಿಮೆ. ಒಂದು ಸಂಚಾರ (ರಾಗದ ಒಂದು ಸ್ವರಸಾಲು) ಕೇಳಿ, ನಿಲ್ಲಿಸಿ, ಅಕಾರದಲ್ಲಿ, ಅಂದರೆ ಬರೀ ‘ಆ’ ಎನ್ನುತ್ತಾ, ಹಾಡಿ ನೋಡಬೇಕು. ವಾದ್ಯದ್ದೆಲ್ಲವೂ ಗಂಟಲಿಗೆ ಹೊಂದುವುದಿಲ್ಲ ಅನ್ನುವುದೂ ನಿಜ. ತಂತಿಯನ್ನು ಬಿಡದೆ ವೇಗವಾಗಿ ಮೀಟುವ ಸಿತಾರಿನ ಝಾಲಾ ತಂತಿಗೇ ಸರಿ. ಸಂಗೀತ ಶಿಕ್ಷಕರು ಪ್ರತಿ ಪಾಠದಲ್ಲೂ ಹತ್ತು ನಿಮಿಷ ಇದಕ್ಕೆ ಮೀಸಲಿಡಲಿ. ಆ ದಿನ ಪಾಠ ಮಾಡಿದ ರಾಗವನ್ನೇ ವಾದ್ಯದಲ್ಲೂ ಕೇಳಿಸಲಿ.

– ಒಬ್ಬ ಸಂಗೀತಾಸಕ್ತ