ಅರ್ಧ ಎಚ್‌ಪಿ ಎಂದರೆ ಎಷ್ಟು ವ್ಯಾಟ್?

ಮಾನ್ಯ ಸಂಪಾದಕರೇ,

ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಣ್ಣುಮಗಳೊಬ್ಬರು ಕಳೆದ ತಿಂಗಳು ಅರ್ಧ ಎಚ್‌ಪಿ (ಅಶ್ವಶಕ್ತಿ) ಮೋಟಾರಿನ ಹಿಟ್ಟು ನಾದುವ ಯಂತ್ರ ಕೊಂಡರು. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಇದು ನಡೆಯುತ್ತದೆಯೇ ಎಂದು ಅವರು ಕೇಳಿದ್ದಕ್ಕೆ ಅಂಗಡಿಯವರು, ‘ಅರ್ಧ ಎಚ್‌ಪಿ ಅಂದ್ರ ಮುನ್ನೂರ ಎಪ್ಪತ್ಮೂರು ವ್ಯಾಟ್ ಅಷ್ಟ ರೀ ಅಕ್ಕಾರ, ನಿಮ್ಮ ಇನ್ವರ್ಟರ್ ಆರುನೂರರದ್ದು, ಆರಾಮ ನಡೀತದ’ ಎಂದರಂತೆ. ಮನೆಯಲ್ಲಿ ಗುಂಡಿ ಒತ್ತಿದರೆ ಯಂತ್ರ ಒಮ್ಮೆ ಗುಂಯ್ಯೆಂದು ನಿಂತಿತು. ಇನ್ವರ್ಟರ್ ಕೆಂಪು ದೀಪ ತೋರಿಸಿ ಕೂಗತೊಡಗಿತು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನೆಂದು ನನ್ನನ್ನು ಕರೆದರು.

ಅಂಗಡಿಯವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಂದು ಎಚ್‌ಪಿಗೆ 746 ವ್ಯಾಟ್, ಅದರ ಅರ್ಧ 373. ಆದರೆ ಮೋಟಾರಿನ ಮೇಲೆ ಬರೆಯುವ ಎಚ್‌ಪಿ ಅದರ ದಂಡವು ಹೊರಗೆ ಕೊಡುವ ಶಕ್ತಿಯೇ ಹೊರತು ಅದು ತಂತಿಯಿಂದ ಎಳೆದುಕೊಳ್ಳುವ ಶಕ್ತಿಯಲ್ಲ. ಇಂಥ ಸಣ್ಣ ಸಿಂಗಲ್ ಫೇಸ್ ಮೋಟಾರಿನಲ್ಲಿ ಒಳಹೋದದ್ದರ ಮೂರನೇ ಒಂದು ಭಾಗ ಬಿಸಿಯಾಗಿ ಹೋಗುವುದು ಸಾಮಾನ್ಯವಾದ್ದರಿಂದ, 373 ವ್ಯಾಟ್ ಹೊರಬರಬೇಕಾದರೆ ಸುಮಾರು 560 ವ್ಯಾಟ್ ಒಳಗೆ ಹೋಗಬೇಕು. ಅಲ್ಲದೆ ಇನ್ವರ್ಟರಿನ 600 ಎಂಬುದು ವ್ಯಾಟ್ ಅಲ್ಲ, ವೋಲ್ಟ್ ಆಂಪಿಯರ್, ಅಂದರೆ ವಿಎ: ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ ಲೆಕ್ಕ. ಇಂಥ ಮೋಟಾರಿನಲ್ಲಿ ಇದು ಎಳೆಯುವ ವ್ಯಾಟಿಗಿಂತ ಹೆಚ್ಚಿರುತ್ತದೆ. ನಾನು ಯಂತ್ರವನ್ನು ಹೊರಳಿಸಿ, ಫಲಕದ ಮೇಲಿನ ಹಿಟ್ಟು ಒರೆಸಿ ನೋಡಿದಾಗ ಉತ್ತರ ಅಲ್ಲಿಯೇ ಇತ್ತು: 230 ವೋಲ್ಟ್, 3.6 ಆಂಪಿಯರ್. ಎರಡನ್ನೂ ಗುಣಿಸಿದರೆ 828 ವಿಎ; ಮೋಟಾರು ಶುರುವಾಗುವ ಗಳಿಗೆಯಲ್ಲಿ ಎಳೆಯುವುದು ಇದರ ಹಲವು ಪಟ್ಟು. ಆರುನೂರರ ಇನ್ವರ್ಟರ್ ಕೂಗದೆ ಇನ್ನೇನು ಮಾಡೀತು? ಈಗ ಅವರು ಕರೆಂಟ್ ಇದ್ದಾಗಲೇ ಹಿಟ್ಟು ನಾದಿಟ್ಟುಕೊಳ್ಳುತ್ತಾರೆ.

ಎಚ್‌ಪಿಯಲ್ಲೂ ಎರಡು ಬಗೆ ಇವೆ. ಜೇಮ್ಸ್ ವ್ಯಾಟ್ ಹಾಕಿಕೊಟ್ಟ, ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸದ ಎಚ್‌ಪಿ 745.7 ವ್ಯಾಟ್ ಆದರೆ, 75 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತುವ ಮೆಟ್ರಿಕ್ ಎಚ್‌ಪಿ 735.5 ವ್ಯಾಟ್. ಈ ವ್ಯತ್ಯಾಸ ನೂರಕ್ಕೆ ಒಂದೂವರೆಯಷ್ಟೂ ಇಲ್ಲ, ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಬಾಯಿಲೆಕ್ಕಕ್ಕೆ 750 ಹಿಡಿಯುವುದರಿಂದಲೂ ಯಾರೂ ಮುಳುಗಿಲ್ಲ. ಕೆಡಿಸುವುದು ಒಳಹೋಗುವುದನ್ನೂ ಹೊರಬರುವುದನ್ನೂ ಒಂದೇ ಎಂದು ಎಣಿಸುವುದು. ಕಲಬುರಗಿಯ ಬೇಸಿಗೆಯಲ್ಲಿ ಏಸಿ ಕೊಳ್ಳುವವರು ಇದೇ ತಪ್ಪನ್ನು ತಿರುವುಮುರುವಾಗಿ ಮಾಡುತ್ತಾರೆ. ಒಂದು ಟನ್ ಎಂದರೆ 3,517 ವ್ಯಾಟ್ ಎಂದು ಓದಿ, ಒಂದೂವರೆ ಟನ್ನಿನ ಏಸಿ ಐದು ಕಿಲೋವ್ಯಾಟ್ ನುಂಗುತ್ತದೆಂದು ಹೆದರುತ್ತಾರೆ. ಅದು ಕೋಣೆಯಿಂದ ಹೊರಹಾಕುವ ಶಾಖದ ಲೆಕ್ಕ. ಮೀಟರಿಗೆ ಬೀಳುವುದು ಸುಮಾರು ಒಂದೂವರೆ ಕಿಲೋವ್ಯಾಟ್ ಮಾತ್ರ.

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯು ಅಳತೆಗಳೆಲ್ಲ ಮೆಟ್ರಿಕ್ ಪದ್ಧತಿಯಲ್ಲಿರಬೇಕು ಎನ್ನುತ್ತದೆ. ಎಚ್‌ಪಿ ಎಂಬ ಮಾತನ್ನು ರೈತರ ಬಾಯಿಂದ ಬಿಡಿಸಲಾಗದು, ಬಿಡಿಸಬೇಕಾಗಿಯೂ ಇಲ್ಲ. ಆದರೆ ತಕ್ಕಡಿಗೆ ಮುದ್ರೆ ಒತ್ತುವ ಇಲಾಖೆಯು, ಮೋಟಾರು, ಗಿರಣಿ, ಮಿಕ್ಸರ್ ಮಾರುವವರು ಬೆಲೆಚೀಟಿಯಲ್ಲಿ ಎಚ್‌ಪಿಯ ಪಕ್ಕದಲ್ಲೇ ‘ಎಳೆಯುವ ವ್ಯಾಟ್’ ಮತ್ತು ‘ಬೇಕಾಗುವ ವಿಎ’ ಎಂದು ಕನ್ನಡದಲ್ಲಿ ಬರೆಯುವಂತೆ ಮಾಡಿದರೆ ರೊಟ್ಟಿ ಬಡಿಯುವವರು ಫಲಕ ಒರೆಸಿ ಗುಣಾಕಾರ ಮಾಡಬೇಕಾಗುವುದಿಲ್ಲ.

ಪತ್ರಿಕೆಯವರಿಗೂ ಒಂದು ವಿನಂತಿ. ‘ಮೆ.ವ್ಯಾ.’ ಮತ್ತು ‘ಮಿ.ವ್ಯಾ.’ ಎಂಬ ಸಂಕ್ಷೇಪಗಳ ನಡುವೆ ಒಂದು ಗುಣಿತಾಕ್ಷರದ ಅಂತರವಷ್ಟೇ ಇದ್ದರೂ ಮೆಗಾವ್ಯಾಟ್ ಮತ್ತು ಮಿಲಿವ್ಯಾಟ್‌ಗಳ ನಡುವೆ ನೂರು ಕೋಟಿ ಪಟ್ಟಿನ ಅಂತರವಿದೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದ 1,720 ಮೆಗಾವ್ಯಾಟ್ ಕೈತಪ್ಪಿ ‘ಮಿ.ವ್ಯಾ.’ ಎಂದು ಅಚ್ಚಾದರೆ, ಅದರಿಂದ ಎರಡು ವ್ಯಾಟಿನ ಒಂದು ಪುಟ್ಟ ದೀಪವೂ ಪೂರ್ತಿ ಬೆಳಗದು. ದಯವಿಟ್ಟು ಪದಗಳನ್ನು ಪೂರ್ತಿಯಾಗಿ ಅಚ್ಚು ಹಾಕಿರಿ.

– ನಿವೃತ್ತ ವಿಜ್ಞಾನ ಶಿಕ್ಷಕ, ಬ್ರಹ್ಮಪುರ, ಕಲಬುರಗಿ