ನೋವಿನ ಮೇಲೆ ಕೆಲಸ ಮಾಡಲು ಹೊರಟ ತಂಗಿಯ ಮಗನಿಗೆ

ಕಲಬುರಗಿ

ತಮ್ಮಾ,

ನಿನಗೆ ಪಿಎಚ್‌ಡಿ ಸೀಟು ಸಿಕ್ಕ ಸುದ್ದಿಯನ್ನು ನಿನ್ನ ಅವ್ವ ಫೋನಿನಲ್ಲಿ ಹೇಳಿದಳು. ಓಪಿಯಾಯ್ಡ್ ರಿಸೆಪ್ಟರ್, ಅಂದರೆ ನರಗಳಲ್ಲಿ ಅಫೀಮಿನಂಥ ಔಷಧ ಬಂದು ಕೂರುವ ಜಾಗ, ಅದರ ಮೇಲೆ ಕೆಲಸ ಅಂತೆ. ಭಾಳ ಖುಷಿಯಾಯ್ತು. ಅವಳಿಗೆ ಮಾತ್ರ ಗಾಬರಿ. "ಅದು ಅಫೀಮಿನ ವಿಷಯ ಅಲ್ವಾ ಅಕ್ಕಾ?" ಅಂತ ಎರಡು ಸಲ ಕೇಳಿದಳು. ಹೌದು, ಅಫೀಮಿನದ್ದೇ. ನಾವು ಪಾಯಸಕ್ಕೆ ಹಾಕುವ ಗಸಗಸೆ ಇದೆಯಲ್ಲ, ಅದೇ ಗಿಡದ ಹಸಿ ಕಾಯಿ ಗೀರಿದರೆ ಬರುವ ಹಾಲು. ಅದರಿಂದಲೇ ಮಾರ್ಫಿನ್ ಅನ್ನುವ ನೋವಿನ ಔಷಧ.

ಅವಳ ಗಾಬರಿ ನನಗೆ ಹೊಸದಲ್ಲ. ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು, ಅದರಲ್ಲಿ ಅರ್ಧದಷ್ಟು ಕಾಲ ಇದೇ ಗಾಬರಿಯಲ್ಲಿ ಕಳೆದಿದೆ.

ನಿನ್ನ ಮುತ್ಯಾ ತೀರಿಕೊಂಡಾಗ ನೀನು ತೊಟ್ಟಿಲಲ್ಲಿದ್ದೆ. ಬಾಯಿ ಕ್ಯಾನ್ಸರ್. ಶಹಾಬಾದ್ ಕಲ್ಲಿನ ಖಣಿಯಲ್ಲಿ ದುಡಿದ ಮನುಷ್ಯ, ನೋವು ಅಂತ ಬಾಯಿಬಿಟ್ಟು ಹೇಳಿದವರೇ ಅಲ್ಲ. ಕೊನೆಯ ಎರಡು ತಿಂಗಳು ರಾತ್ರಿಯೆಲ್ಲ ವಲ್ಲಿ ಮಡಚಿ ಕೆನ್ನೆಗೆ ಒತ್ತಿಕೊಂಡು, ನಾವು ನೋಡಬಾರದು ಅಂತ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಡಾಕ್ಟರು ಡೈಕ್ಲೊಫೆನಾಕ್ ಅನ್ನುವ ಸಾಮಾನ್ಯ ನೋವಿನ ಇಂಜೆಕ್ಷನ್ ಬರೆದರು. ಮಾರ್ಫಿನ್ ಕೇಳಿದ್ದಕ್ಕೆ "ಚಟ ಆಗ್ತದೆ" ಅಂದರು. ಎರಡು ತಿಂಗಳು ಬದುಕುವವರಿಗೆ ಎಂಥ ಚಟ? ಆ ಪ್ರಶ್ನೆ ಅವತ್ತು ನನಗೆ ಹೊಳೆಯಲಿಲ್ಲ. ನಾನೂ ತಲೆ ಆಡಿಸಿ ಬಂದೆ. ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ತಪ್ಪು ಒಬ್ಬರದ್ದೇ ಅಲ್ಲ. 1985ರಲ್ಲಿ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾನೂನು ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಲೈಸೆನ್ಸ್ ಮೇಲೆ ಲೈಸೆನ್ಸ್. ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸಿ ಹೊರದೇಶಕ್ಕೆ ಕಳಿಸುತ್ತಿದ್ದ ಕಾಲದಲ್ಲೇ ನಮ್ಮ ವಾರ್ಡಿನಲ್ಲಿ ಒಂದು ಗುಳಿಗೆ ಇರಲಿಲ್ಲ. 2014ರಲ್ಲಿ ತಿದ್ದುಪಡಿ ಆಗಿ ನಿಯಮ ಸಡಿಲವಾಯಿತು. ಹೆದರಿಕೆ ಅಷ್ಟು ಬೇಗ ಸಡಿಲವಾಗಲಿಲ್ಲ.

ನನ್ನ ಹೆದರಿಕೆ ಹೋಗಿದ್ದು ಒಬ್ಬ ಹೆಣ್ಣುಮಗಳನ್ನು ನೋಡಿ. ಗರ್ಭಕೋಶದ ಕ್ಯಾನ್ಸರ್, ಸೊಂಟದ ನೋವು, ಮಂಚದ ಮೇಲೆ ಮಗ್ಗಲು ಬದಲಿಸಲಿಕ್ಕೂ ಆಗುತ್ತಿರಲಿಲ್ಲ. 10 ಮಿಲಿಗ್ರಾಂ ಮಾರ್ಫಿನ್ ಗುಳಿಗೆ ಕೊಟ್ಟೆವು. ಒಂದು ತಾಸು ಕಳೆದಿರಬೇಕು, ಮಗಳನ್ನು ಕರೆದು "ಹಣಿಗೆ ತಾ, ತಲೆ ಬಾಚು" ಅಂದಳು. ಅಷ್ಟೇ. ಎಷ್ಟೋ ದಿನದಿಂದ ಗಂಟುಕಟ್ಟಿದ್ದ ಕೂದಲು. ಮಗಳು ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಗಂಟು ಬಿಡಿಸುತ್ತಾ ಕೂತಳು, ಅವ್ವ ಹಾಗೇ ನಿದ್ದೆಹೋದಳು.

ಅವತ್ತಿನಿಂದ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಸಿಕ್ಕಿದ್ದೆಲ್ಲ ಓದಿದೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಮಾತಿನಲ್ಲಿ ಒಮ್ಮೆ ಕೇಳು. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್, ಸಾಲೊಮನ್ ಸ್ನೈಡರ್ ಮೆದುಳಿನಲ್ಲಿ ಅಫೀಮಿನ ಔಷಧ ಬಂದು ಕೂರುವ ಜಾಗ ತೋರಿಸಿದರು. ಅದೇ ವರ್ಷ ಇನ್ನೆರಡು ಕಡೆ ಬೇರೆಯವರೂ ಕಂಡರು. ಆಗ ಒಂದು ಪ್ರಶ್ನೆ ಬಂತು. ಗಸಗಸೆ ಹಾಲಿಗಾಗಿ ದೇಹ ಯಾಕೆ ಜಾಗ ಮಾಡಿಟ್ಟಿದೆ? 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ ಹಂದಿಯ ಮೆದುಳಿನಿಂದ ಎನ್ಕೆಫಾಲಿನ್ ತೆಗೆದರು. ಅಂದರೆ ಆ ಜಾಗ ದೇಹದ್ದೇ ಆದ ನೋವಿನ ಮದ್ದಿಗೆ ಇರುವಂಥದ್ದು, ಮಾರ್ಫಿನ್ ಬಂದು ಅಲ್ಲಿ ಕೂರುತ್ತದೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಒಂದು ನರದಿಂದ ಇನ್ನೊಂದಕ್ಕೆ ದಾಟುವ ಕಡೆಯೇ ಅದು ತಡೆಯುತ್ತದೆ.

ಮಾರ್ಫಿನ್ ಕೂರುವ ಆ ಜಾಗಕ್ಕೆ ಮ್ಯೂ ರಿಸೆಪ್ಟರ್ ಅಂತ ಹೆಸರು. ಉಸಿರಾಟ ನಡೆಸುವ ಮೆದುಳಿನ ಬುಡದಲ್ಲೂ ಅದೇ ಇದೆ. ಕರುಳಲ್ಲೂ ಇದೆ. ಅದಕ್ಕೇ ಮಾರ್ಫಿನ್ ಶುರುಮಾಡಿದ ದಿನವೇ ಸಂಡಾಸ್ ಸರಾಗ ಆಗುವ ಔಷಧವನ್ನೂ ಕೊಡಬೇಕು, ಇದನ್ನು ಮರೆಯುವ ಡಾಕ್ಟರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಸಿರಿನ ವಿಷಯ ಇನ್ನೂ ಗಂಭೀರ. ಆಪರೇಷನ್ ಆದ ಒಬ್ಬ ಹುಡುಗನಿಗೆ ಡೋಸ್ ಜಾಸ್ತಿಯಾಗಿ ಉಸಿರು ನಿಮಿಷಕ್ಕೆ ಆರಕ್ಕೆ ಇಳಿದಿತ್ತು. ತುಟಿ ನೀಲಿ. ಮಾರ್ಫಿನ್ನನ್ನು ಆ ಜಾಗದಿಂದ ಎಬ್ಬಿಸುವ ನಾಲಾಕ್ಸೋನ್ ಔಷಧ ಕೊಟ್ಟ ಎರಡು ನಿಮಿಷಕ್ಕೆ ಕಣ್ಣು ಬಿಟ್ಟ. ಎಲ್ಲರೂ ನಿರಾಳ ಅಂತ ಹೊರಟರು. ನಾನು ಹೋಗಲಿಲ್ಲ, ಯಾಕೆಂದರೆ ನಾಲಾಕ್ಸೋನ್ ಬೇಗ ಇಳಿಯುತ್ತದೆ, ಮಾರ್ಫಿನ್ ಇನ್ನೂ ಒಳಗೇ ಇರುತ್ತದೆ. ಒಂದು ತಾಸಿಗೆ ಉಸಿರು ಮತ್ತೆ ಇಳಿಯಿತು, ಮತ್ತೆ ಕೊಡಬೇಕಾಯಿತು.

1996ರಲ್ಲಿ ಫ್ರಾನ್ಸಿನ ಬ್ರಿಜಿಟ್ ಕೀಫರ್ ತಂಡ ಮ್ಯೂ ರಿಸೆಪ್ಟರ್ ಇಲ್ಲದ ಇಲಿಗಳನ್ನು ಮಾಡಿತು. ಅವುಗಳಿಗೆ ಮಾರ್ಫಿನ್‌ನಿಂದ ನೋವೂ ಇಳಿಯಲಿಲ್ಲ, ಚಟವೂ ಹತ್ತಲಿಲ್ಲ. ಒಳ್ಳೆಯದು, ಕೆಟ್ಟದ್ದು ಎರಡೂ ಒಂದೇ ಕಡೆಯಿಂದ. ಎರಡನ್ನೂ ಬೇರೆ ಮಾಡಬಹುದು ಅಂತ ಆಮೇಲೆ ದೊಡ್ಡ ಆಸೆ ಹುಟ್ಟಿತು. ರಿಸೆಪ್ಟರ್‌ಗೆ ಅಂಟಿಕೊಂಡು ಜೀವಕೋಶದೊಳಗೆ ಸುದ್ದಿ ಒಯ್ಯುವ ಬೀಟಾ-ಅರೆಸ್ಟಿನ್ ಅನ್ನುವ ಪ್ರೋಟೀನಿನ ದಾರಿಯನ್ನು ತಪ್ಪಿಸಿದರೆ ಉಸಿರಿಗೆ ತೊಂದರೆ ಇರುವುದಿಲ್ಲ ಅಂದರು. ಬೇರೆ ಲ್ಯಾಬುಗಳು ಮತ್ತೆ ಮಾಡಿ ನೋಡಿದಾಗ ಹಾಗೆ ಬರಲಿಲ್ಲ. ಆ ಲೆಕ್ಕದಲ್ಲಿ ತಯಾರಾದ ಒಲಿಸೆರಿಡಿನ್ ಅನ್ನುವ ನೋವಿನ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಉಸಿರಿನ ಎಚ್ಚರಿಕೆ ಮಾತ್ರ ಲೇಬಲ್ ಮೇಲೆ ಹಾಗೇ ಇದೆ. ಅದಕ್ಕೇ ಹೇಳುತ್ತೇನೆ, ನಿನ್ನ ಇಲಿ ಒಳ್ಳೆಯ ಉತ್ತರ ಕೊಟ್ಟ ದಿನ ಮನೆಗೆ ಫೋನ್ ಮಾಡು, ಪೇಪರ್ ಬರೆಯಲು ಮಾತ್ರ ಅವಸರ ಮಾಡಬೇಡ. ಇನ್ನೊಬ್ಬರ ಕೈಯಲ್ಲಿ ಮತ್ತೆ ಮಾಡಿಸು. ಗೈಡ್ ಬೇಜಾರಾದರೂ ಚಿಂತೆಯಿಲ್ಲ.

ಇನ್ನೊಂದು. 1978ರಲ್ಲಿ ಹಲ್ಲು ಕೀಳಿಸಿಕೊಂಡವರಿಗೆ ಸುಮ್ನೆ ಔಷಧ ಅಂತ ಹೇಳಿ ಕೊಟ್ಟ ನೀರಿನಂಥ ಇಂಜೆಕ್ಷನ್‌ನಿಂದ ಕೆಲವರ ನೋವು ಇಳಿಯಿತು, ನಾಲಾಕ್ಸೋನ್ ಕೊಟ್ಟರೆ ಆ ನೋವು ಮತ್ತೆ ಏರಿತು. ನಂಬಿಕೆಯೂ ಅದೇ ರಿಸೆಪ್ಟರ್ ಮೂಲಕ ಕೆಲಸ ಮಾಡುತ್ತದೆ. ಇದನ್ನು ಓದಿ ನಾನು ಅತ್ತುಬಿಟ್ಟೆ. ಮಂಚದ ಹತ್ತಿರ ಕೂತು ಕೈ ಹಿಡಿದು ಮಾತಾಡಿದ್ದು ವ್ಯರ್ಥ ಆಗಿರಲಿಲ್ಲ ಅಂತ. ಹಾಗಂತ ಮಾರ್ಫಿನ್ ಬೇಕಾದವರಿಗೆ ಬರೀ ಮಾತು ಕೊಡಬಾರದು, ಅದು ಮೋಸ.

ಲ್ಯಾಬ್ ಸೇರುವ ಮೊದಲು ಎರಡು ದಿನ ನನ್ನ ಜೊತೆ ಕ್ಯಾನ್ಸರ್ ವಾರ್ಡಿಗೆ ಬಾ. ಅಲ್ಲಿಯ ಸಿಸ್ಟರ್ ಹತ್ತಿರ ಮಾತಾಡಿದ್ದೇನೆ. ರೌಂಡ್ಸ್ ಬೆಳಿಗ್ಗೆ ಎಂಟಕ್ಕೆ ಶುರು, ಹಿಂದಿನ ರಾತ್ರಿಯೇ ಮನೆಗೆ ಬಂದುಬಿಡು. ಮಧ್ಯಾಹ್ನದ ಬಸ್ಸು ಹತ್ತಬೇಡ, ಇಲ್ಲಿ ಬಿಸಿಲು ಭಾಳ ಜಾಸ್ತಿ ಆಗಿದೆ.

ನಿನ್ನ ದೊಡ್ಡವ್ವ