ಹಂಟಿಂಗ್ಟನ್ ತೋಟ ನೋಡಿ ಬಂದು ಮಗಳಿಗೊಂದು ಪತ್ರ

ಚಿ. ಪುಟ್ಟಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಲಾಸ್ ಏಂಜಲೀಸಿಗೆ ಹತ್ತಿರದ ಸ್ಯಾನ್ ಮರೀನೊ ಎಂಬ ಊರಿನಲ್ಲಿರುವ ಹಂಟಿಂಗ್ಟನ್ ಸಂಸ್ಥೆಗೆ ನಿನ್ನ ಅಣ್ಣ ನಮ್ಮನ್ನು ಕರೆದುಕೊಂಡು ಹೋಗಿದ್ದ. ತಿಂಗಳ ಮೊದಲ ಗುರುವಾರ ಅಲ್ಲಿ ಪ್ರವೇಶ ಉಚಿತವಾದರೂ ಟಿಕೆಟನ್ನು ಮುಂಚೆಯೇ ಕಾದಿರಿಸಬೇಕು. ತೋಟ, ಚಿತ್ರಶಾಲೆ, ಗ್ರಂಥಾಲಯ ಮೂರೂ ಒಂದೇ ಆವರಣದಲ್ಲಿವೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನ್ನ ಅಮ್ಮ ನಡುವೆ ಬಾಯಿ ಹಾಕಿ ಗುಲಾಬಿ ತೋಟದಿಂದ ಆಚೆಗೆ ನನ್ನನ್ನು ಹೋಗಗೊಡುವುದಿಲ್ಲ. ಮೇಲಾಗಿ, ದಿನವೂ ತಾಳೆಗರಿಗಳ ನಡುವೆ ಕೆಲಸ ಮಾಡುವ ನಿನ್ನಲ್ಲಿ ಕೇಳಬೇಕಾದ ಒಂದು ಮಾತೂ ಇದೆ.

ಈ ಆಸ್ತಿಯನ್ನು 1903ರಲ್ಲಿ ಕೊಂಡವರು ಹೆನ್ರಿ ಹಂಟಿಂಗ್ಟನ್. ಲಾಸ್ ಏಂಜಲೀಸಿನ ಸುತ್ತ ವಿದ್ಯುತ್ ರೈಲುಗಳನ್ನು ಓಡಿಸಿ, ಆ ಹಳಿಗಳು ಮುಟ್ಟಿದ ಕಡೆಯಲ್ಲೆಲ್ಲ ಜಮೀನು ಮಾರಿ ಹಣ ಮಾಡಿದವರು. ಅವರ ಚಿಕ್ಕಪ್ಪ ಕಾಲಿಸ್ ಹಂಟಿಂಗ್ಟನ್, ಸೆಂಟ್ರಲ್ ಪೆಸಿಫಿಕ್ ರೈಲುಮಾರ್ಗವನ್ನು ಕಟ್ಟಿಸಿದ ನಾಲ್ವರು ಧನಿಕರಲ್ಲಿ ಒಬ್ಬರು. ಕಾಲಿಸ್ ತೀರಿಕೊಂಡ ಕೆಲವು ವರ್ಷಗಳ ಮೇಲೆ, 1913ರಲ್ಲಿ, ಅವರ ವಿಧವೆ ಅರಬೆಲ್ಲಾ ಅವರನ್ನು ಹೆನ್ರಿ ಮದುವೆಯಾದರು. ಗಂಡಹೆಂಡತಿ ಇಬ್ಬರಿಗೂ ಸಂಗ್ರಹದ ಹುಚ್ಚು. 1919ರಲ್ಲಿ ಎಲ್ಲವನ್ನೂ ಒಂದು ಸಂಸ್ಥೆಗೆ ಬರೆದುಕೊಟ್ಟರು. ಇಬ್ಬರೂ ತೀರಿಕೊಂಡ ಮೇಲೆ, 1928ರಲ್ಲಿ, ಅದು ಸಾರ್ವಜನಿಕರಿಗೆ ತೆರೆಯಿತು.

ಮರುಭೂಮಿಯ ಸಸ್ಯಗಳ ತೋಟದಲ್ಲಿ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಸುಮಾರು ಹತ್ತು ಎಕರೆಯ ಇಳಿಜಾರಿನಲ್ಲಿ 2,000ಕ್ಕೂ ಹೆಚ್ಚು ಬಗೆಯ ಗಿಡಗಳಿವೆ; ಹಳದಿ ಮುಳ್ಳಿನ, ಗುಂಡಗಿನ ಕಳ್ಳಿಗಳು ಸಾಲುಸಾಲಾಗಿ ಕುಳಿತಿವೆ. ನಮ್ಮ ಕಡೆ ಹೊಲದ ಬೇಲಿಯಲ್ಲೂ ರೈಲು ಹಳಿಯ ಪಕ್ಕದಲ್ಲೂ ಬೆಳೆಯುವ ಕತ್ತಾಳೆ ಮತ್ತು ಪಾಪಸುಕಳ್ಳಿಗಳು ಮೂಲತಃ ಅಮೆರಿಕಾ ಖಂಡದವು ಎಂದು ಓದಿದ್ದೆ, ಆದರೆ ಅವುಗಳ ಇಷ್ಟು ದೊಡ್ಡ ಬಳಗವನ್ನು ಒಟ್ಟಿಗೆ ನೋಡಿದ್ದು ಇದೇ ಮೊದಲು. ಈ ತೋಟವನ್ನು 1907ರಲ್ಲಿ ಆರಂಭಿಸಿದವರು ವಿಲಿಯಂ ಹರ್ಟ್ರಿಚ್ ಎಂಬ ತೋಟಗಾರರು. ರೈಲುಹಳಿ ಹಾಕಿಸುತ್ತಿದ್ದ ಕಾಲದಲ್ಲಿ ಪಾಪಸುಕಳ್ಳಿಗೆ ಸಿಕ್ಕಿ ಮೈಯೆಲ್ಲ ಮುಳ್ಳು ಮಾಡಿಕೊಂಡಿದ್ದ ಹಂಟಿಂಗ್ಟನ್ನರಿಗೆ ಕಳ್ಳಿಯೆಂದರೆ ಆಗುತ್ತಿರಲಿಲ್ಲವಂತೆ. ಬೇರೇನೂ ಸರಿಯಾಗಿ ಬೆಳೆಯದ ಜಾಗ ಅದೆಂದು ಹೇಳಿ ಯಜಮಾನರನ್ನು ಒಪ್ಪಿಸಿದ ಈ ತೋಟಗಾರರ ಮೇಲೆ ನನಗೆ ಯಜಮಾನರಿಗಿಂತ ಹೆಚ್ಚು ಗೌರವ ಹುಟ್ಟಿತು.

ಹೆಣದ ವಾಸನೆಯ ಹೂವಿಗೂ ಈ ಸಂಸ್ಥೆ ಹೆಸರಾಗಿದೆ. ಸುಮಾತ್ರಾ ದ್ವೀಪದ ಆ ಗಿಡ 1999ರಲ್ಲಿ ಇಲ್ಲಿ ಹೂ ಬಿಟ್ಟಾಗ ನೋಡಲು ಜನ ಸಾಲುಗಟ್ಟಿ ನಿಂತಿದ್ದರಂತೆ. ಅದು ನಮ್ಮ ಸುವರ್ಣಗಡ್ಡೆಯ ಹತ್ತಿರದ ನೆಂಟ. ನಮ್ಮ ಹಿತ್ತಲಿನಲ್ಲಿ ಸುವರ್ಣಗಡ್ಡೆ ಹೂ ಬಿಟ್ಟ ವರ್ಷ ಹೆಗ್ಗಣ ಸತ್ತಿದೆಯೆಂದು ನಿನ್ನ ಅಜ್ಜಿ ಅಟ್ಟವನ್ನೆಲ್ಲ ತೆಗೆಸಿ ಹುಡುಕಿಸಿದ್ದು ನಿನಗೆ ನೆನಪಿರಬಹುದು. ನಾವು ಹೋದಾಗ ಹೂವಿರಲಿಲ್ಲ. ಸಮಾಧಾನವಾಯಿತು ಎಂದಳು ನಿನ್ನ ಅಮ್ಮ.

ಜಪಾನೀ ತೋಟದಲ್ಲಿ, ಸುಮಾರು 300 ವರ್ಷಗಳ ಹಿಂದಿನ ಒಂದು ಗ್ರಾಮಮುಖ್ಯಸ್ಥರ ಮನೆಯನ್ನು ಜಪಾನಿನ ಮರುಗಾಮೆ ಎಂಬಲ್ಲಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಭತ್ತದ ಕಂದಾಯದ ಲೆಕ್ಕವಿಡುತ್ತಿದ್ದ ಮನೆ. ಜಗಲಿಯ ಮೇಲೆ ನಿಂತರೆ ನಮ್ಮ ಶಾನುಭೋಗರ ಪಡಸಾಲೆಯಲ್ಲಿ ನಿಂತಂತಾಗುತ್ತದೆ. ಚೀನೀ ತೋಟ 2008ರಲ್ಲಿ ತೆರೆದದ್ದು. ಸುಝೌ ನಗರದ ಕುಶಲಕರ್ಮಿಗಳು ಬಂದು ಕಟ್ಟಿದ ಮಂಟಪಗಳು ಸೊಗಸಾಗಿವೆ. ಆದರೆ ಚಿಕ್ಕಪ್ಪನ ರೈಲುಮಾರ್ಗಕ್ಕಾಗಿ ಸಿಯೆರಾ ನೆವಾಡಾ ಬೆಟ್ಟಗಳನ್ನು ಸಿಡಿಮದ್ದಿನಿಂದ ಕೊರೆದವರು ಸಾವಿರಾರು ಚೀನೀ ಕೂಲಿಗಳು ಎಂಬುದು ಆ ಕೊಳದ ದಡದಲ್ಲಿ ಕುಳಿತಾಗ ನೆನಪಾಗದೆ ಇರಲಿಲ್ಲ.

ಚಿತ್ರಶಾಲೆ ಇರುವುದು ಹಂಟಿಂಗ್ಟನ್ ದಂಪತಿ ವಾಸವಿದ್ದ ಬಂಗಲೆಯಲ್ಲೇ. ಗೇನ್ಸ್‌ಬರೋ ಬರೆದ ನೀಲಿ ಉಡುಪಿನ ಹುಡುಗನ ಚಿತ್ರಕ್ಕೆ 1921ರಲ್ಲಿ ಏಳು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರಂತೆ. ಇಂಗ್ಲೆಂಡು ಬಿಡುವ ಮುನ್ನ ಅದನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ ಸುಮಾರು 90,000 ಮಂದಿ ಬಂದು ನೋಡಿ ಬೀಳ್ಕೊಟ್ಟರು. ಹುಡುಗನ ಪಕ್ಕದಲ್ಲಿ ಚಿತ್ರಕಾರ ಮೊದಲು ಒಂದು ನಾಯಿಯನ್ನೂ ಬರೆದು, ಮನಸ್ಸು ಬದಲಾಯಿಸಿ, ಅದರ ಮೇಲೆ ಬಂಡೆಗಳನ್ನು ಬರೆದು ಮುಚ್ಚಿದ್ದು ಎಕ್ಸ್-ರೇ ತೆಗೆದಾಗ ಗೊತ್ತಾಯಿತಂತೆ.

ಎಲ್ಲರೂ ಆ ಹುಡುಗನ ಮುಂದೆ ಗುಂಪುಗೂಡುತ್ತಾರೆ. ನಾನು ನಿಂತದ್ದು ಲಾರೆನ್ಸ್ 1794ರಲ್ಲಿ ಬರೆದ 'ಪಿಂಕಿ' ಎಂಬ ಹುಡುಗಿಯ ಚಿತ್ರದ ಮುಂದೆ. ಸಾರಾ ಮೌಲ್ಟನ್ ಎಂಬುದು ಅವಳ ಹೆಸರು. ಜಮೈಕಾದಲ್ಲಿ, ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ಕಬ್ಬಿನ ತೋಟಗಳ ಮನೆತನದಲ್ಲಿ ಹುಟ್ಟಿ, ಓದಲೆಂದು ಇಂಗ್ಲೆಂಡಿಗೆ ಹೋದವಳು. ಮೊಮ್ಮಗಳನ್ನು ನೋಡಲಾಗದ ಅಜ್ಜಿ, ಅವಳ ಚಿತ್ರವನ್ನಾದರೂ ಬರೆಸಿ ಕಳುಹಿಸಿ ಎಂದು ಜಮೈಕಾದಿಂದ ಪತ್ರ ಬರೆದಿದ್ದರಿಂದ ಈ ಚಿತ್ರ ಹುಟ್ಟಿತು. ಗಾಳಿಗೆ ಹಾರುತ್ತಿರುವ ಟೋಪಿಯ ಗುಲಾಬಿ ಪಟ್ಟಿಗಳನ್ನು ನೋಡಿದರೆ ಹುಡುಗಿ ಈಗ ಹೆಜ್ಜೆಯಿಡುತ್ತಾಳೆ ಎನಿಸುತ್ತದೆ. 1795ರ ಏಪ್ರಿಲ್‌ನಲ್ಲಿ, ಹನ್ನೆರಡನೆಯ ವಯಸ್ಸಿಗೇ, ಅವಳು ತೀರಿಕೊಂಡಳು. ಅವಳನ್ನು ಮಣ್ಣು ಮಾಡಿದ ಮರುದಿನವೇ ಚಿತ್ರ ಪ್ರದರ್ಶನಕ್ಕೆ ಬಂತು. ನಿನ್ನ ಅಮ್ಮ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಗ್ರಂಥಾಲಯದ ಸಂಗತಿಯನ್ನು ನಿನಗಾಗಿ ಕೊನೆಗೆ ಉಳಿಸಿಕೊಂಡಿದ್ದೇನೆ. ಚರ್ಮದ ಹಾಳೆಯ ಮೇಲೆ ಅಚ್ಚಾದ ಗುಟೆನ್‌ಬರ್ಗ್ ಬೈಬಲ್, ಇಂಗ್ಲಿಷ್ ಕವಿ ಚಾಸರ್ ಬರೆದ, ಯಾತ್ರಿಕರು ಹೇಳುವ 'ಕ್ಯಾಂಟರ್ಬರಿ ಕಥೆಗಳ' 1400ರ ಆಸುಪಾಸಿನ ಹಸ್ತಪ್ರತಿ, ಬೆಂಜಮಿನ್ ಫ್ರಾಂಕ್ಲಿನ್ ಸ್ವಹಸ್ತದಲ್ಲಿ ಬರೆದ ಆತ್ಮಕಥೆ, ಇವೆಲ್ಲ ಈ ಗ್ರಂಥಾಲಯದ ಆಸ್ತಿ. ಚಾಸರ್ ಪ್ರತಿಯ ಅಂಚಿನಲ್ಲಿ ಕುದುರೆಯೇರಿದ ಯಾತ್ರಿಕರ ಪುಟ್ಟ ಚಿತ್ರಗಳಿವೆ, ಅವರಲ್ಲಿ ಕವಿಯೂ ಒಬ್ಬ. ನಮ್ಮಂಥವರು ಗಾಜಿನ ಆಚೆಯಿಂದ ನೋಡಿ ಮುಂದೆ ಹೋಗಬೇಕು. ಒಳಗೆ ಕುಳಿತು ಮೂಲಪತ್ರಗಳನ್ನು ಓದುವ ಅವಕಾಶ ಸಂಶೋಧಕರಿಗೆ ಮಾತ್ರ.

ಆದರೆ ಇದೇ ಗ್ರಂಥಾಲಯ 1991ರ ಸೆಪ್ಟೆಂಬರಿನಲ್ಲಿ ಮಾಡಿದ ಕೆಲಸವೊಂದು ನಿನಗೆ ಹಿಡಿಸುತ್ತದೆ. 1947ರಿಂದ ಬೆಳಕಿಗೆ ಬರತೊಡಗಿದ ಮೃತ ಸಮುದ್ರದ ಸುರುಳಿಗಳಲ್ಲಿ (ಆ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಳೆಯ ಯಹೂದಿ ಹಸ್ತಪ್ರತಿಗಳು) ಇನ್ನೂ ಅಚ್ಚಾಗದೆ ಉಳಿದಿದ್ದವು ದಶಕಗಳ ಕಾಲ ಬೆರಳೆಣಿಕೆಯ ಪಂಡಿತರ ಹಿಡಿತದಲ್ಲೇ ಇದ್ದವು. ಬೇರೆಯವರು ಕೇಳಿದರೆ ಕಾಯಿರಿ ಎಂಬುದೇ ಉತ್ತರ. ಸುರಕ್ಷತೆಗೆಂದು ತೆಗೆದಿಟ್ಟ ಅವುಗಳ ಛಾಯಾಚಿತ್ರಗಳ ಒಂದು ಪ್ರತಿ ಹಂಟಿಂಗ್ಟನ್ನಿನಲ್ಲಿತ್ತು. ಆಗಿನ ಗ್ರಂಥಾಲಯದ ನಿರ್ದೇಶಕ ವಿಲಿಯಂ ಮೊಫೆಟ್, ಅರ್ಹರಾದ ಯಾವ ವಿದ್ವಾಂಸರಾದರೂ ಬಂದು ನೋಡಬಹುದೆಂದು ಘೋಷಿಸಿಬಿಟ್ಟರು. ಇಸ್ರೇಲಿನ ಅಧಿಕಾರಿಗಳು ಮೊದಲು ಆಕ್ಷೇಪಿಸಿದರು. ಆದರೆ ಅದೇ ವರ್ಷ ಮುಗಿಯುವ ಮುನ್ನ ಅವರೂ ನಿರ್ಬಂಧ ಸಡಿಲಿಸಬೇಕಾಯಿತು. ಮೈಸೂರಿಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ್ದರಿಂದಲೇ ಅಲ್ಲವೇ ಲೋಕವೆಲ್ಲ ಅದನ್ನು ಓದುವಂತಾದದ್ದು?

ಹೀಗಾಗಿ ನಿನ್ನನ್ನು ಕೇಳುತ್ತಿದ್ದೇನೆ. ನೀವು ಧೂಳು ಒರೆಸಿ, ಎಣ್ಣೆ ಸವರಿ, ಒಂದೊಂದಾಗಿ ಫೋಟೊ ತೆಗೆದು ಕಂಪ್ಯೂಟರಿಗೆ ಸೇರಿಸುತ್ತಿರುವ ಓಲೆಗಳನ್ನು ಮುಂದೆ ಯಾರು ಬೇಕಾದರೂ ನೋಡಬಹುದೇ, ಇಲ್ಲವೇ ಅದಕ್ಕೂ ಅರ್ಜಿ, ಶಿಫಾರಸು, ಮೇಲಧಿಕಾರಿಗಳ ಸಹಿ ಬೇಕೇ? ಬಿಡುವಾದಾಗ ವಿವರವಾಗಿ ಬರೆ. ಚಾಸರ್ ಪ್ರತಿಯ ಚಿತ್ರವಿರುವ ಕಾರ್ಡೊಂದನ್ನು ಇದರ ಜೊತೆಗೆ ಇಟ್ಟಿದ್ದೇನೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ